ತಾಯಿ ನಮೂನೆಗೆ ಕೈ ಹಚ್ಚಿದ ಬನಪ್ಪ

ಕಾಲು ಮಡಚಿ ಕೂತಿರಾ? ಎಲೆ ಅಡಿಕೆ ಬಾಯಿಗೆ ಬಿತ್ತಾ? ಸರಿ ಹಾಗಾದರೆ. ನಡುವೆ ಎದ್ದು ಹೋಗಬೇಡಿ. ಇದು ಅರ್ಧ ಕೇಳಿಸಿಕೊಂಡು ಪೂರ್ತಿ ಮಾಡುವವನ ಕತೆ. ಅರ್ಧಕ್ಕೇ ಎದ್ದರೆ ನೀವೂ ಅವನ ಸಾಲಿಗೇ ಸೇರುತ್ತೀರಿ.

ಕೆಂಪಗುಡ್ಡ ಅಂತ ಒಂದು ನೇಕಾರರ ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ಹೆಂಗಸು. ಗಂಡ ಹೋಗಿ ಎಷ್ಟೋ ವರ್ಷ. ಖಣ ನೇಯುವುದರಲ್ಲಿ ಅವಳದು ಎತ್ತಿದ ಕೈ. ಖಣ ಅಂದರೆ ಕುಬಸ ಹೊಲಿಸುವ ಬಟ್ಟೆ, ನಿಮಗೆ ಗೊತ್ತೇ ಇದೆ. ಊರಿನ ಉಳಿದವರೆಲ್ಲ ಸೀರೆ, ಧೋತರ, ಟವೆಲ್ ಅಂತ ಹೋದರು. ಖಣದ ಮಗ್ಗ ಅಂತ ಉಳಿದದ್ದು ಇವಳದೊಂದೇ.

ಆ ನೀಲವ್ವನಿಗೆ ಒಬ್ಬನೇ ಮಗ, ಬನಪ್ಪ. ವಯಸ್ಸು ಇಪ್ಪತ್ತೊಂಬತ್ತು. ಎತ್ತರ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು. ಬುದ್ಧಿ ಮಾತ್ರ ಹೇಳಿದಷ್ಟೇ, ಅದರಾಚೆ ಒಂದು ಗೇಣೂ ಇಲ್ಲ. "ಹಾಲು ಉಕ್ಕತೈತಿ, ನೋಡ್ಕೋ" ಅಂದರೆ ಕೊನೆಯ ಹನಿ ಉಕ್ಕುವ ತನಕ ನೋಡುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚಿದರು. "ಗಿರಾಕಿ ಬಂದ್ರ ಕೂಡ್ರಸು" ಅಂದರು. ಕೂಡಿಸಿದ. ಸಂಜೆಯ ತನಕ ಏಳಲು ಬಿಡಲಿಲ್ಲ.

"ಯಾವ ಗಳಿಗ್ಯಾಗ ಹಡದೆನೋ ನಿನ್ನ" ಅಂತ ನೀಲವ್ವ ಹಣೆ ಬಡಿದುಕೊಂಡರೆ, "ನಾ ಆಗ ಸಣ್ಣಾವಿದ್ನಿ, ಗಳಿಗಿ ನೋಡಲಿಲ್ಲವ್ವ" ಅನ್ನುತ್ತಿದ್ದ.

ಕೊನೆಗೆ ಯಾರೋ ಕಂಪ್ಯೂಟರ್ ಕ್ಲಾಸಿಗೆ ಹಾಕಿಸಿದರು. ಅಲ್ಲಿ ನೋಡಿ, ಒಂದು ಪವಾಡವಾಯಿತು. ಕಂಪ್ಯೂಟರೂ ಹೇಳಿದಷ್ಟೇ ಮಾಡುತ್ತದೆ, ಇವನೂ ಹೇಳಿದಷ್ಟೇ ಮಾಡುತ್ತಾನೆ. ಇಬ್ಬರಿಗೂ ಒಂದು ದಿನವೂ ಜಗಳ ಬರಲಿಲ್ಲ. ಕ್ಲಾಸಿಗೇ ಮೊದಲನೆಯವನಾಗಿ ಪಾಸಾದ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಊರಿನ ನೇಕಾರರ ಸಂಘದವರು ವೆಬ್‌ಸೈಟ್ ಮಾಡಿಸುತ್ತಿದ್ದರು. ಕರೆದು ಕೆಲಸ ಕೊಟ್ಟರು.

ಸಂಘದ ಅಧ್ಯಕ್ಷರು ಮುರಿಗೆಪ್ಪ ಸಾಹುಕಾರರು. ಮಗ್ಗದ ಮುಂದೆ ಒಂದು ದಿನವೂ ಕೂತವರಲ್ಲ. ಆದರೂ ಊರಲ್ಲಿ ಯಾರು ಏನೇ ನೇಯಲಿ, ಅದು ಸಾಹುಕಾರರ ಹೆಸರಿನ ಚೀಟಿ ಹಚ್ಚಿಕೊಂಡೇ ಹೊರಗೆ ಹೋಗುತ್ತಿತ್ತು. ಮೂವತ್ತು ವರ್ಷ ಹಾಗೆಯೇ ಹೋಗಿತ್ತು, ಯಾರೂ ಕೇಳಿರಲಿಲ್ಲ.

ಮೊದಲ ದಿನ ಬನಪ್ಪ ಕೆಲಸಕ್ಕೆ ಹೊರಟಾಗ ನೀಲವ್ವ ಅವನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು: "ಯಪ್ಪಾ, ನನಗ ಬ್ಯಾರೆ ಏನೂ ಬ್ಯಾಡ. ನನ್ನ ಖಣದ ಫೋಟೋ ಬರತೈತಲ್ಲ, ಅದರ ಕೆಳಗ ನನ್ನ ಹೆಸರು ಕಾಣಲಿ. ಸಾಯೋದ್ರಾಗ ಒಂದ ಸಲ. ಅಷ್ಟು ಮಾಡು."

"ಆತವ್ವ" ಅಂದ ಬನಪ್ಪ. ಅವನು ಯಾವುದಕ್ಕೂ ಆಗಲ್ಲ ಅಂದವನೇ ಅಲ್ಲ. ನೀಲವ್ವನಿಗೆ ಭಯವಿದ್ದದ್ದೇ ಅದಕ್ಕೆ.

ಸಂಘದ ಕಚೇರಿ ನೀಲವ್ವನ ಮನೆಯ ಹಿಂಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಬೈದರೆ ಇಲ್ಲಿ ಕೇಳುತ್ತಿತ್ತು. ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತವಳು ಒಂದು ಕಿವಿಯನ್ನು ಲಾಳಿಯ ಕಡೆಗೂ ಇನ್ನೊಂದನ್ನು ಗೋಡೆಯ ಕಡೆಗೂ ಇಟ್ಟಳು.

ವೆಬ್‌ಸೈಟ್ ಕಟ್ಟುತ್ತಿದ್ದವಳು ಸುನಂದಕ್ಕ, ಬನಪ್ಪನಿಗೆ ಕಂಪ್ಯೂಟರ್ ಕಲಿಸಿದವಳೇ. ಅವಳು ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಿಧಾನವಾಗಿ ಹೇಳಿದಳು.

"ನೋಡ ಬನಪ್ಪ, ಇದು ತಾಯಿ ನಮೂನಿ. ಹೆಸರು, ಬಣ್ಣ, ಅಳತಿ, ಸೆರಗು, ನೇಯ್ದವರು ಅಂತ ಐದು ಖಾನೆ ಅದಾವು. ಈ ತಾಯಿಗೆ ನಾಕು ಮಕ್ಕಳು. ಸೀರಿ, ಖಣ, ಧೋತರ, ಟವೆಲ್. ತಾಯಿಯೊಳಗ ಇದ್ದದ್ದೆಲ್ಲಾ ಮಕ್ಕಳಿಗೆ ತಾನ ಬರತೈತಿ. ಮತ್ತ ಬರಿಯೋದು ಬ್ಯಾಡ. ತಿಳೀತ?"

"ತಿಳೀತ್ರಿ ಅಕ್ಕಾರ."

"ಸೆರಗಿನ ಖಾನೆ ಈಗ ಬೇಕಾದವರು ತುಂಬತಾರ, ಬ್ಯಾಡಾದವರು ಬಿಡತಾರ. ಸೀರಿಗೆ ಹಂಗ ನಡಿಯೂದಿಲ್ಲ. ಸೆರಗು ಕಡ್ಡಾಯ ಮಾಡು."

ಬನಪ್ಪ ಮಾಡಿದ. ಎಲ್ಲಿ ಮಾಡಿದ? ಅಕ್ಕಾರು ತಾಯಿಯನ್ನು ತೋರಿಸಿ ಮಾತಾಡುತ್ತಿದ್ದರಲ್ಲ, ಅದಕ್ಕೆ ತಾಯಿಯಲ್ಲೇ ಮಾಡಿದ. ತಾಯಿಗೆ ಆದದ್ದು ನಾಲ್ಕೂ ಮಕ್ಕಳಿಗೆ ಆಯಿತು.

ಮಾರನೆಯ ದಿನ ಸಾಹುಕಾರರು ಮೊದಲ ಮಾಲು ತಮ್ಮ ಕೈಯಿಂದಲೇ ಏರಬೇಕು ಅಂತ ಒಂದು ಟವೆಲ್ ಹಿಡಿದು ಕಂಪ್ಯೂಟರಿನ ಮುಂದೆ ಕೂತರು. ಹೆಸರು ಬರೆದರು, ಬಣ್ಣ ಬರೆದರು. ಕೆಂಪಕ್ಷರದಲ್ಲಿ ಬಂತು: ಸೆರಗು ಬರೆಯಿರಿ. ಬಿಟ್ಟು ಮುಂದೆ ಹೋದರು. ಮತ್ತೆ ಬಂತು: ಸೆರಗು ಬರೆಯಿರಿ.

"ಲೇ ಬನಪ್ಪ, ಟವೆಲ್ಲಿಗೆ ಸೆರಗು ಎಲ್ಲಿಂದ ತರಲಿ ನಾನು?"

"ಕಡ್ಡಾಯ ಐತ್ರಿ ಸಾಹುಕಾರ್ರ. ಏನಾರ ಒಂದು ಬರೀರಿ."

ಸಾಹುಕಾರರು ಬರೆಯಲಿಲ್ಲ. ಆದರೆ ಧೋತರ ನೇಯುವ ಒಬ್ಬ ಬಡಪಾಯಿ ಮಧ್ಯಾಹ್ನದ ತನಕ ಯೋಚಿಸಿ, ಸೆರಗಿನ ಖಾನೆಯಲ್ಲಿ 'ಹೆಂಡತೀದು' ಅಂತ ಬರೆದು ಬೆವರು ಒರೆಸಿಕೊಂಡು ಹೋದ.

ಸುನಂದಕ್ಕ ಅದನ್ನು ಸೀರೆಗಷ್ಟೇ ಕಡ್ಡಾಯ ಮಾಡಿ, ಸಿಟ್ಟಿನಿಂದ ಹೇಳಿದಳು. "ಬನಪ್ಪ, ಇದೊಂದು ಮಾತು ತಲ್ಯಾಗ ಇಟಗೋ. ತಾಯಿಗೆ ಕೈ ಹಚ್ಚಬ್ಯಾಡ. ಏನಾರ ಬ್ಯಾರೆ ಬೇಕಾದ್ರ ಮಗುವಿನ ಮ್ಯಾಲ ಬರಿ."

"ಆತ್ರಿ. ತಾಯಿಗೆ ಕೈ ಹಚ್ಚೂದಿಲ್ಲ. ಮಗುವಿನ ಮ್ಯಾಲ ಬರೀತೀನಿ." ಅದನ್ನೇ ಹೇಳಿಕೊಳ್ಳುತ್ತ ಮನೆಗೆ ಬಂದ. ತಾಯಿಗೆ ಕೈ ಹಚ್ಚಬ್ಯಾಡ, ಮಗುವಿನ ಮ್ಯಾಲ ಬರಿ. ತಾಯಿಗೆ ಕೈ ಹಚ್ಚಬ್ಯಾಡ, ಮಗುವಿನ ಮ್ಯಾಲ ಬರಿ.

ಸಂಜೆ ನಾಲ್ಕರ ಹೊತ್ತು. ನೀಲವ್ವನಿಗೆ ಮಗ್ಗದ ತಗ್ಗಿನಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. "ಬಂದ್ಯಾ? ಕೈ ಹಿಡದು ಮ್ಯಾಲ ಎಬ್ಬಸಪ್ಪಾ" ಅಂತ ಕೈ ಚಾಚಿದಳು.

ಬನಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಆಗೂದಿಲ್ಲವ್ವ. ತಾಯಿಗೆ ಕೈ ಹಚ್ಚಬ್ಯಾಡ ಅಂದಾರ."

"ಯಾರಂದ್ರು?"

"ಅಕ್ಕಾರು. ಬೇಕಾದ್ರ ಮಗುವಿನ ಮ್ಯಾಲ ಬರಿ ಅಂದಾರ. ತಡಿ, ಬರದ ಬರ್ತೀನಿ."

ನೀಲವ್ವ ತಗ್ಗಿನಲ್ಲೇ ಉಳಿದಳು. ಅರ್ಧ ಗಂಟೆಯಾದ ಮೇಲೆ ಪಕ್ಕದ ಮನೆಯ ತಿಪ್ಪವ್ವ ಮೊಮ್ಮಗುವನ್ನು ಎತ್ತಿಕೊಂಡು ದಡಬಡ ಬಂದಳು. ಆರು ತಿಂಗಳ ಕೂಸು, ಬಾಯಲ್ಲಿ ಬೆರಳು. ಬಟ್ಟೆಗೆ ಗುರುತು ಹಾಕುವ ನೀಲಿ ಶಾಯಿಯಲ್ಲಿ ಅದರ ಹೊಟ್ಟೆಯ ಮೇಲೆ ದುಂಡಗೆ ಬರೆದಿತ್ತು: ನಮ್ಮವ್ವನ್ನ ಎಬ್ಬಸರಿ.

ಇಬ್ಬರೂ ಸೇರಿ ಬೈದರು. ಬೈದು ಸಾಕಾದ ಮೇಲೆ ನೀಲವ್ವ ಮಗನನ್ನು ಮುಂದೆ ಕೂಡಿಸಿಕೊಂಡಳು. "ಅವರು ಹೇಳೋ ತಾಯಿ ಯಾವಾಕಿನೋ ನನಗ ಗೊತ್ತಿಲ್ಲ. ನೀ ಇಷ್ಟ ನೆಪ್ಪಿಡು. ತಾಯಿ ಮಾತು ದೊಡ್ಡದು. ತಾಯಿ ಏನ ಅಂದಿರ್ತಾಳ ಅದ ಆಗಬೇಕು. ಮಕ್ಕಳು ತಮ್ಮದು ನಡಸಬಾರದು."

"ಆತವ್ವ. ತಾಯಿದ ಆಗಬೇಕು, ಮಕ್ಕಳದು ನಡೀಬಾರದು."

ಮುಂದೇನಾಯಿತು ಅಂತ ಕೇಳುತ್ತೀರಾ? ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ನಮೂನೆಗಳನ್ನು ತೆಗೆದು ನೋಡಿದ. ತಾಯಿ ನಮೂನೆಯಲ್ಲಿ ಅಳತೆಯ ಮುಂದೆ ಐದೂವರೆ ಮೀಟರ್ ಅಂತಿತ್ತು, ಸೀರೆಯ ಲೆಕ್ಕ. ಉಳಿದ ಮಕ್ಕಳು ತಮ್ಮ ತಮ್ಮ ಅಳತೆಯನ್ನು ಮತ್ತೆ ಬರೆದುಕೊಂಡಿದ್ದವು. ಖಣ ಮುಕ್ಕಾಲು ಮೀಟರ್ ಅಂದಿತ್ತು, ಟವೆಲ್ ಒಂದೂವರೆ ಅಂದಿತ್ತು. ಬನಪ್ಪನಿಗೆ ನಿಜವಾಗಿ ನೋವಾಯಿತು. ಎಂಥ ಸೊಕ್ಕಿನ ಮಕ್ಕಳು, ತಾಯಿ ಐದೂವರೆ ಅಂದರೆ ಇವು ಒಂದೂವರೆ ಅನ್ನುತ್ತವೆ. ಎಲ್ಲ ಅಳಿಸಿದ. ಮನೆಯೆಂದರೆ ಹೀಗಿರಬೇಕು ಅಂದುಕೊಂಡು ಚಹಾ ಕುಡಿಯಲು ಹೋದ.

ಮಧ್ಯಾಹ್ನ ಸೊಲ್ಲಾಪುರದಿಂದ ಫೋನು ಬಂತು. ಅನಸೂಯಾಬಾಯಿ ಅಂತ ದೊಡ್ಡ ಬಟ್ಟೆ ವ್ಯಾಪಾರಿ, ವೆಬ್‌ಸೈಟ್ ಹೇಗೆ ಬರುತ್ತಿದೆ ಅಂತ ತೆಗೆದು ನೋಡಿದ್ದಳು. "ಸಾಹುಕಾರ್ರ, ನಿಮ್ಮ ಟವೆಲ್ ಐದೂವರೆ ಮೀಟರ್ ಐತಂತಲ್ಲ. ಒಂದ ಟವೆಲ್ಲಿನ್ಯಾಗ ಎಷ್ಟು ಮಂದಿ ಮೈ ಒರಸ್ಕೋಬೇಕು?"

ಗೋಡೆಯಾಚೆ ಸಾಹುಕಾರರು ಗುಡುಗಿದ್ದು ಕೇಳಿ ನೀಲವ್ವನ ಲಾಳಿ ನಿಂತಿತು. "ಇನ್ನೊಂದು ತಪ್ಪಾದ್ರ ಮನೀಗೆ" ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ಅವಳಿಗೆ ಮಗನ ಚಿಂತೆ ಒಂದು ಕಡೆ, ಹೆಸರಿನ ಚಿಂತೆ ಒಂದು ಕಡೆ. ಇವನು ಹೊರಗೆ ಬಿದ್ದರೆ ಆ ಹೆಸರನ್ನು ಬರೆಯುವವರು ಯಾರು?

ಸುನಂದಕ್ಕ ಒಳ್ಳೆಯವಳು. ಮತ್ತೊಮ್ಮೆ ತಿದ್ದಿ ಹೇಳಿದಳು. "ಬನಪ್ಪ, ಇಲ್ಲಿ ಕೇಳು. ಮಗು ತನ್ನದು ಅಂತ ಏನಾರ ಬರದಿದ್ರ ಅದ ಗೆಲ್ಲತೈತಿ. ಮಗು ಏನೂ ಬರಿದ ಇದ್ರ ಮಾತ್ರ ತಾಯಿದು ಬರತೈತಿ."

"ಮಗ ಬರದದ್ದ ಗೆಲ್ಲತೈತಿ."

"ಹಾಂ. ಅಷ್ಟ."

ಅವತ್ತು ನೀಲವ್ವ ಜೋಳದ ರೊಟ್ಟಿ ಬಡಿದು, ಕಾಳಪಲ್ಲೆ ಮಾಡಿ ಕರೆದಳು. ಬನಪ್ಪ ಬಂದು, ಬಳಪ ತಗೊಂಡು, ಒಲೆಯ ಮೇಲಿನ ಗೋಡೆಗೆ 'ಹೋಳಿಗಿ' ಅಂತ ಬರೆದು, ತಟ್ಟೆ ಇಟ್ಟುಕೊಂಡು ಕೂತ. ಕೂತ ಅಂದರೆ ಕೂತ. ರೊಟ್ಟಿ ಆರಿ ಹಪ್ಪಳವಾಯಿತು. "ಗೆಲ್ಲತೈತವ್ವ, ಸ್ವಲ್ಪ ತಡಿ" ಅಂದ. ನೀಲವ್ವ ಈ ಸಲ ಬೈಯಲೂ ಇಲ್ಲ. ಗೋಡೆಯ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡಿ ತಾನು ಉಂಡು ಎದ್ದಳು.

ಇನ್ನು ನೀಲವ್ವನ ಖಣದ ಸರದಿ ಬಂತು. ಅದರ ಪೂರ್ತಿ ಹೆಸರು 'ಗುಬ್ಬಿಗಣ್ಣಿನ ಕೆಂಪಂಚಿನ ಖಣ'. ಹೆಸರಿನ ಖಾನೆ ಹನ್ನೆರಡು ಅಕ್ಷರಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. 'ಗುಬ್ಬಿಗಣ್ಣಿನ' ಅನ್ನುವಷ್ಟರಲ್ಲಿ ಕತ್ತರಿ ಬೀಳುತ್ತಿತ್ತು.

"ಖಣದೊಳಗ ಹೆಸರಿನ ಖಾನೆ ಮತ್ತ ಬರದು, ಉದ್ದ ನಲವತ್ತು ಮಾಡು" ಅಂದಳು ಸುನಂದಕ್ಕ.

ಬನಪ್ಪ ತಾಯಿಗೆ ಕೈ ಹಚ್ಚಲಿಲ್ಲ. ಮಗುವಿನಲ್ಲೇ ಬರೆದ, ನಲವತ್ತು ಅಂತಲೇ ಬರೆದ. ಸುನಂದಕ್ಕನಿಗೆ ಕಣ್ಣು ತುಂಬಿ ಬಂತು, ಅಷ್ಟು ಸರಿಯಾಗಿತ್ತು. ಆದರೆ ಅವಳು ಅತ್ತ ತಿರುಗಿದ ಮೇಲೆ ಅವನು ಎಣಿಸಿ ನೋಡಿದ. ಹೆಸರು ನಲವತ್ತಕ್ಕೆ ಸಾಲುತ್ತಿರಲಿಲ್ಲ. ನಲವತ್ತು ಅಂದ ಮೇಲೆ ನಲವತ್ತು ಆಗಬೇಕಲ್ಲ. ಕೊನೆಯ ಅಕ್ಷರವನ್ನು ಹಿಡಿದು ಎಳೆದ. ಸಂಜೆ ಸಾಹುಕಾರರು ಬಂದು ಗಟ್ಟಿಯಾಗಿ ಓದಿದರು: "ಗುಬ್ಬಿಗಣ್ಣಿನ ಕೆಂಪಂಚಿನ ಖಣಣಣಣಣಣಣಣ... ಇದೇನು ಖಣನೋ, ಗುಡಿ ಗಂಟಿನೋ?"

"ನಲವತ್ತು ಅಂದ್ರ ನಲವತ್ತರ ತನಕ, ಬನಪ್ಪ" ಅಂದಳು ಸುನಂದಕ್ಕ. ಅವಳ ಸ್ವರ ಕುಗ್ಗಿಹೋಗಿತ್ತು. "ಅದಕ್ಕ ಮೀರಬಾರದು ಅಷ್ಟ. ಕಡಿಮಿ ಇದ್ರ ನಡೀತೈತಿ."

"ಕಡಿಮಿ ಇದ್ರ ನಡೀತೈತಿ" ಅಂದ ಬನಪ್ಪ, ಬಹಳ ಹಗುರಾಗಿ.

ಅದೇ ಹೊತ್ತಿಗೆ ಸಾಹುಕಾರರು ಹೇಳಿದರು, "ಸೋಮವಾರ ಉದ್ಘಾಟನಾ. ಸಭಾಕ್ಕ ನಲವತ್ತು ಕುರ್ಚಿ ತರಸು." ಬನಪ್ಪ ಒಂದು ಕುರ್ಚಿ ತರಿಸಿದ. ಸೋಮವಾರ ಬೆಳಿಗ್ಗೆ ಸಾಹುಕಾರರು ಬಂದು ನೋಡಿದರು. ಒಂದೇ ಕುರ್ಚಿ ಇತ್ತು, ಅದರ ಮೇಲೆ ತಾವು ಕೂತರು. ಉಳಿದವರಿಗೆ ಜಮಖಾನ ಹಾಸಿತ್ತು. ಅವರ ಮಟ್ಟಿಗೆ ತಪ್ಪೇನೂ ಕಾಣಲಿಲ್ಲ.

ಸಭೆ ಶುರುವಾಗುವ ಮೊದಲು ಸುನಂದಕ್ಕ ಬನಪ್ಪನನ್ನು ಬಾಗಿಲ ಹಿಂದಕ್ಕೆ ಕರೆದಳು. ವಿಷಯ ಏನೆಂದರೆ, ತಾಯಿ ನಮೂನೆಯ 'ನೇಯ್ದವರು' ಅನ್ನುವ ಖಾನೆಯಲ್ಲಿ ಸಾಹುಕಾರರು ತಮ್ಮ ಹೆಸರನ್ನೇ ಹಾಕಿಸಿದ್ದರು. ಯಾರೂ ಏನೂ ಬರೆಯದಿದ್ದರೆ ಎಲ್ಲದರ ಕೆಳಗೂ 'ನೇಯ್ದವರು: ಮುರಿಗೆಪ್ಪ ಸಾಹುಕಾರ' ಅಂತ ತಾನಾಗಿ ಬರುತ್ತಿತ್ತು. ಸುನಂದಕ್ಕನಿಗೆ ಇದು ಸೇರಿರಲಿಲ್ಲ. ನೀಲವ್ವನ ಆಸೆಯೂ ಅವಳಿಗೆ ಗೊತ್ತಿತ್ತು.

"ಖಣ ನೇಯೋರು ನಿಮ್ಮವ್ವ ಒಬ್ಬಾಕೆ. ತಾಯಿಗೆ ಕೈ ಹಚ್ಚಬ್ಯಾಡ. ಮಗುವಿನ್ಯಾಗ ಆ ಖಾನೆ ಮತ್ತ ಬರಿ, ಮುಂದ ನಿಮ್ಮವ್ವನ ಹೆಸರು ಹಾಕು. ಅದ ಗೆಲ್ಲತೈತಿ. ಹೋಗು, ಲಗೂನ ಬರಿ."

ಬನಪ್ಪ ಓಡಿದ. ಮಗುವಿನಲ್ಲಿ ಬರಿ ಅಂದಿದ್ದಾರೆ. ಮಕ್ಕಳು ನಾಲ್ಕಿವೆ. ಒಂದಕ್ಕೆ ಕೊಟ್ಟು ಮೂರಕ್ಕೆ ಇಲ್ಲ ಅನ್ನುವುದು ಹೇಗೆ? ನಾಲ್ಕರಲ್ಲೂ ಬರೆದ. ಇನ್ನು ಅವ್ವನ ಹೆಸರು. ಅದಕ್ಕೆ ಅವನು ಯೋಚಿಸಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ದಿನಾ ಕರೆಯುತ್ತಿದ್ದ ಹೆಸರು, ಮರೆಯುವುದುಂಟಾ?

ಸಭೆ ತುಂಬಿತ್ತು. ಜಮಖಾನದ ಮೇಲೆ ಮಗ್ಗದ ಹೆಂಗಸರು, ಮುಂದಿನ ಸಾಲಿನಲ್ಲಿ ಸಾಹುಕಾರರ ಹೆಂಡತಿ, ಅವರ ಪಕ್ಕಕ್ಕೆ ಸೊಲ್ಲಾಪುರದಿಂದ ಬಂದ ಅನಸೂಯಾಬಾಯಿ. ನೀಲವ್ವ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ಸಾಹುಕಾರರು ಗುಂಡಿ ಒತ್ತಿದರು. ಪರದೆಯ ಮೇಲೆ ಅವರದೇ ಟವೆಲ್ ದೊಡ್ಡದಾಗಿ ಮೂಡಿತು. ಕೆಳಗೆ ಅಕ್ಷರ ಬಂತು.

ನೇಯ್ದವರು: ಅವ್ವ.

ಸಾಹುಕಾರರು ಮುಂದೆ ಒತ್ತಿದರು. ಸೀರೆ ಬಂತು. ನೇಯ್ದವರು: ಅವ್ವ. ಧೋತರ ಬಂತು. ನೇಯ್ದವರು: ಅವ್ವ. ಗುಬ್ಬಿಗಣ್ಣಿನ ಕೆಂಪಂಚಿನ ಖಣ ಬಂತು. ಅದನ್ನೂ ಅವ್ವನೇ ನೇಯ್ದಿದ್ದಳು.

ಮೊದಲು ಯಾರೋ ಕಿಸಕ್ ಅಂದರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ನೀಲವ್ವ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಕಾದು ಕೂತದ್ದು ಹೀಗೆ ಹೋಯಿತಲ್ಲ ಅಂತ ಅವಳಿಗೆ ದುಃಖ ಒತ್ತಿ ಬಂತು.

"ಎಲ್ಲೈತೋ ನನ್ನ ಹೆಸರು?" ಸಾಹುಕಾರರು ಎದ್ದು ನಿಂತರು.

"ತಾಯಿಯೊಳಗ ಹಂಗ ಐತ್ರಿ. ನಾ ಕೈ ಹಚ್ಚಿಲ್ಲ. ಮಗ ಬರದದ್ದು ಗೆದ್ದೈತ್ರಿ."

"ತಗಿ. ಈಗಿಂದೀಗ ತಗಿ. ಇಲ್ಲಿ ಒಂದೂ ಅವ್ವ ಉಳೀಬಾರದು."

"ಆತ್ರಿ" ಅಂದ ಬನಪ್ಪ.

ಅವನು ಕಂಪ್ಯೂಟರಿನ ಕಡೆ ಹೋಗಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ, ತನ್ನ ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಹೊರಗೆ ಬೇವಿನ ಗಿಡದ ಕೆಳಗೆ ಕೂಡಿಸಿ ಬಂದ. ಆಮೇಲೆ ತಿಪ್ಪವ್ವನ ಮುಂದೆ ನಿಂತ. "ನೀವೂ ಅವ್ವ ಹೌದಲ್ರಿ?"

"ಹೌದಪ್ಪ, ಮೂರು ಮಕ್ಕಳವ್ವ."

"ಹಂಗಾರ ಏಳ್ರಿ. ಒಂದೂ ಅವ್ವ ಉಳೀಬಾರದಂತ."

ಒಬ್ಬೊಬ್ಬರನ್ನೇ ಕೇಳಿದ, ಒಬ್ಬೊಬ್ಬರನ್ನೇ ಎಬ್ಬಿಸಿದ. ಮದುವೆಯಾಗದ ಒಬ್ಬ ಹುಡುಗಿ, ತಮ್ಮಂದಿರು ತನ್ನನ್ನೂ ಅವ್ವ ಅನ್ನುತ್ತಾರೆ ಅಂತ ತಾನೇ ಎದ್ದು ಹೊರಟಳು. ಅನಸೂಯಾಬಾಯಿಗೆ ಇಬ್ಬರು ಮಕ್ಕಳು, ಅವಳೂ ಹೊರಗೆ. ಕೊನೆಗೆ ಸಾಹುಕಾರರ ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಯಾರೂ ಕೇಳುವ ಮೊದಲೇ ಎದ್ದು ನಡೆದರು. ಹೆಂಗಸರು ಹೋದ ಮೇಲೆ ಗಂಡಸರು ಯಾಕೆ ಕೂಡುತ್ತಾರೆ? ಒಳಗೆ ಉಳಿದದ್ದು ಒಂದು ಕುರ್ಚಿ ಮತ್ತು ಅದರ ಮೇಲೆ ಸಾಹುಕಾರರು.

ಬೇವಿನ ಗಿಡದ ಕೆಳಗೆ ಅನಸೂಯಾಬಾಯಿ ಸಭೆಯಲ್ಲಿ ಇಟ್ಟಿದ್ದ ಒಂದು ಖಣವನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡುತ್ತಿದ್ದಳು. "ಇಂಥ ಕೈ ನಮ್ಮ ಕಡೆ ಉಳದಿಲ್ಲ. ಇದನ್ನ ನೇಯ್ದವರು ಯಾರು?"

ಎಲ್ಲರೂ ನೀಲವ್ವನ ಕಡೆ ನೋಡಿದರು. ಅನಸೂಯಾಬಾಯಿ ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಲೆಕ್ಕದ ವಹಿ ತೆಗೆದಳು. "ದೀಪಾವಳಿಗೆ ಇನ್ನೂರು ಖಣ ಬೇಕು. ನಿಮ್ಮ ಹೆಸರೇನ್ರಿ?"

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನೀಲವ್ವನಿಗೆ ಯಾರೂ ಕೇಳಿರಲಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ಬನಪ್ಪ ಅಂದ, "ಅವ್ವ ಅಂತ್ರಿ."

"ಬಾಯಿ ಮುಚ್ಚೋ" ಅಂದಳು ನೀಲವ್ವ. ಧ್ವನಿ ಎಲ್ಲಿಂದ ಬಂತೋ, ಗಿಡದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. "ನೀಲವ್ವ. ನನ್ನ ಹೆಸರು ನೀಲವ್ವ. ಬರಕೋರಿ."

ಅನಸೂಯಾಬಾಯಿ ಬರೆದಳು. ನೀಲವ್ವನಿಗೆ ಓದು ಅಷ್ಟಕ್ಕಷ್ಟೇ, ಆದರೂ ಬಗ್ಗಿ ನೋಡಿ ಒಂದೊಂದೇ ಅಕ್ಷರವನ್ನು ಗುರುತು ಹಿಡಿದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಾಲು ಕಳಿಸೋರ ಹೆಸರೂ ಬೇಕು" ಅಂದಳು ಅನಸೂಯಾಬಾಯಿ. "ನಿನ್ನ ಹೆಸರೇನಪ್ಪ?"

ಬನಪ್ಪ ಕೈ ಅಡ್ಡ ಮಾಡಿದ. "ನಂದು ಬರೀಬ್ಯಾಡ್ರಿ. ಖಾಲಿ ಬಿಡ್ರಿ."

"ಖಾಲಿ ಬಿಟ್ರ ಹೆಂಗ?"

"ಮಗು ಏನೂ ಬರಿದ ಇದ್ರ ತಾಯಿದ ಬರತೈತ್ರಿ. ತಾನ ಬರತೈತಿ. ಮತ್ತ ಬರಿಯೋದು ಬ್ಯಾಡ ಅಂದಾರ."

ನೀಲವ್ವ ಹಣೆ ಬಡಿದುಕೊಂಡಳು. ಅನಸೂಯಾಬಾಯಿ ಒಂದು ಗಳಿಗೆ ಅವನ ಮುಖವನ್ನೇ ನೋಡಿ, ನಗು ತಡೆದುಕೊಂಡು, ಎರಡನೆಯ ಸಾಲನ್ನೂ ತುಂಬಿದಳು. ಅವತ್ತಿನಿಂದ ಆ ಮನೆಯಿಂದ ಹೊರಡುವ ಖಣದ ಪ್ರತಿ ಗಂಟಿನ ಮೇಲೂ ಒಂದೇ ಥರ ಬರೆದಿರುತ್ತದೆ: ನೇಯ್ದವರು ನೀಲವ್ವ, ಕಳಿಸಿದವರು ನೀಲವ್ವ. ಸೊಲ್ಲಾಪುರದಿಂದ ಕಾಗದ ಬಂದಾಗ ಅಂಚೆಯವನು ಬಾಗಿಲಲ್ಲಿ ನಿಂತು "ನೀಲವ್ವ ಯಾರ್ರೀ" ಅಂತ ಕೂಗಿದರೆ, ಮಗ್ಗದ ತಗ್ಗಿನೊಳಗಿಂದ ಒಬ್ಬಳು "ಓ" ಅನ್ನುತ್ತಾಳೆ, ಪಡಸಾಲೆಯಿಂದ ಆರಡಿ ಎತ್ತರದ ಮೀಸೆಯವನೊಬ್ಬ "ಓ" ಅನ್ನುತ್ತ ಎದ್ದು ಬಂದು ಸಹಿ ಮಾಡುತ್ತಾನೆ.